ಚೀಲದ ಮೇಲಿನ ಮುದ್ರೆ ಯಾವುದಕ್ಕೆ ಸಾಕ್ಷಿ?

ಓದುಗರ ಪತ್ರ: ನಾನು ಮೀನು ಸಾಕಣೆಗಾರ. ಕೊಳ್ಳುವ ಆಹಾರದ ಚೀಲದ ಮೇಲೆ ‘ಜವಾಬ್ದಾರಿಯುತ ಮೂಲದ ಸಾಗರ ಪದಾರ್ಥಗಳಿಂದ ತಯಾರಿಸಿದ್ದು’ ಎಂದು ಅಚ್ಚಾಗಿದೆ. ಇದನ್ನು ಪರಿಶೀಲಿಸಿದವರು ಯಾರು? ಚೀಲದೊಳಗಿನ ಫಿಶ್‌ಮೀಲ್ (ಮೀನಿನ ಪುಡಿ) ನಿಜವಾಗಿ ಅಂಥ ಮೀನಿನದೇನಾ? ಇಷ್ಟೆಲ್ಲ ತಲೆನೋವಿನ ಬದಲು ಪೂರ್ತಿ ಸೋಯಾ ಆಹಾರಕ್ಕೇ ಹೋದರೆ ಆಗದೆ?

ಸಂಪಾದಕರ ಉತ್ತರ:

ಸೋಯಾದ ಮಾತನ್ನು ಮೊದಲು ಮುಗಿಸೋಣ. ಫಿಶ್‌ಮೀಲ್‌ನ ಪಾಲು ತಗ್ಗಿಸಬಹುದು, ಎಲ್ಲೆಡೆ ತಗ್ಗುತ್ತಲೂ ಇದೆ. ಆದರೆ ಇಪಿಎ, ಡಿಎಚ್‌ಎ ಎಂಬ ಒಮೆಗಾ-3 ಕೊಬ್ಬಿನಾಮ್ಲಗಳು ಸೋಯಾದಲ್ಲಿಲ್ಲ. ಮೀನೆಣ್ಣೆಯಿಂದಲೋ ಪಾಚಿಯೆಣ್ಣೆಯಿಂದಲೋ ಬರಬೇಕು. ಸೋಯಾ ಬೆಳೆಯಲು ಕಾಡು ಕಡಿದದ್ದೆಷ್ಟು ಎಂಬ ಪ್ರಶ್ನೆ ಬೇರೆ ಇದ್ದೇ ಇದೆ. ಮೂಲದ ಪತ್ತೆ ಹಚ್ಚುವ ತಲೆನೋವು ಅಲ್ಲಿಯೂ ತಪ್ಪದು.

ಇನ್ನು ಮುದ್ರೆ. ನೀವು ಒಂದು ಮುದ್ರೆ ಎಂದುಕೊಂಡದ್ದರ ಹಿಂದೆ ಬೇರೆ ಬೇರೆ ಹಂತಗಳ ಪ್ರಮಾಣಪತ್ರಗಳಿವೆ. ಸಮುದ್ರದ ಹಂತದಲ್ಲಿ, ಅಂದರೆ ಮೀನುಗಾರಿಕೆಗೆ, ಎಂಎಸ್‌ಸಿ (ಮರೀನ್ ಸ್ಟೀವರ್ಡ್‌ಶಿಪ್ ಕೌನ್ಸಿಲ್). ಫಿಶ್‌ಮೀಲ್ ಮತ್ತು ಮೀನೆಣ್ಣೆ ಕಾರ್ಖಾನೆಗೆ ಮಾರಿನ್‌ಟ್ರಸ್ಟ್. 2020ರವರೆಗೆ ಇದರ ಹೆಸರು ಐಎಫ್‌ಎಫ್‌ಒ ಆರ್‌ಎಸ್ ಎಂದಿತ್ತು. ಆಹಾರ ತಯಾರಿಸುವ ಮಿಲ್ಲಿಗೆ ಎಎಸ್‌ಸಿಯ (ಅಕ್ವಾಕಲ್ಚರ್ ಸ್ಟೀವರ್ಡ್‌ಶಿಪ್ ಕೌನ್ಸಿಲ್) ಫೀಡ್ ಮಾನದಂಡ ಅಥವಾ ಬಿಎಪಿಯ (ಬೆಸ್ಟ್ ಅಕ್ವಾಕಲ್ಚರ್ ಪ್ರಾಕ್ಟಿಸಸ್) ಮಿಲ್ ಮಾನದಂಡ. ಮಾನದಂಡ ಬರೆದವರೇ ತಪಾಸಣೆಗೆ ಹೋಗುವುದಿಲ್ಲ. ಆ ಕೆಲಸ ಸ್ವತಂತ್ರ ಪ್ರಮಾಣೀಕರಣ ಸಂಸ್ಥೆಯದು; ಆ ಸಂಸ್ಥೆಗೆ ಯೋಗ್ಯತೆ ಇದೆಯೇ ಎಂದು ನೋಡುವ ಮಾನ್ಯತಾ ಸಂಸ್ಥೆ ಮತ್ತೊಂದು. ಹಾಗಾಗಿ ಚೀಲದ ಮೇಲಿನ ಸಾಲು ಓದಿದಾಗ ಕೇಳಬೇಕಾದ ಮೊದಲ ಪ್ರಶ್ನೆ: ಪ್ರಮಾಣಪತ್ರ ಇರುವುದು ಮೀನುಗಾರಿಕೆಗೋ, ಕಾರ್ಖಾನೆಗೋ, ಮಿಲ್ಲಿಗೋ? ಮೂರೂ ಇದ್ದು ನಡುವಿನ ಕೊಂಡಿ ಕಳಚಿದ್ದರೆ ಆ ಸಾಲಿಗೆ ಬೆಲೆಯಿಲ್ಲ.

ಮೀನುಗಾರಿಕೆಯ ಮೌಲ್ಯಮಾಪನದಲ್ಲಿ ನೋಡುವುದು ಮುಖ್ಯವಾಗಿ ಕಡಲಲ್ಲಿರುವ ಮೀನಿನ ಸಂಗ್ರಹ ಯಾವ ಸ್ಥಿತಿಯಲ್ಲಿದೆ, ಹಿಡಿಯುವ ಪ್ರಮಾಣಕ್ಕೆ ಮಿತಿ ಇದೆಯೇ, ಆ ಮಿತಿ ಜಾರಿಯಾಗುತ್ತದೆಯೇ, ಬಲೆಗೆ ಬೇರೇನು ಬೀಳುತ್ತದೆ ಎಂಬುದನ್ನು. ಪೆರುವಿನ ಆಂಚೊವೆಟಾ ಎಂಬ ಸಣ್ಣ ಮೀನಿನ ಮೀನುಗಾರಿಕೆಯಲ್ಲಿ ಈ ಯಂತ್ರ ಕೆಲಸ ಮಾಡುವುದನ್ನು ಕಣ್ಣಾರೆ ಕಾಣಬಹುದು. 12 ಸೆಂಟಿಮೀಟರಿಗಿಂತ ಚಿಕ್ಕ ಮೀನನ್ನು ಅಲ್ಲಿ ಮರಿ ಎಂದು ಲೆಕ್ಕ ಹಾಕುತ್ತಾರೆ. 2023ರಲ್ಲಿ ಎಲ್ ನಿನೊ ಕಾವಿಗೆ ಮರಿಗಳ ಪಾಲು ಏರಿದ್ದು ಪರೀಕ್ಷಾರ್ಥ ಮೀನುಗಾರಿಕೆಯಲ್ಲಿ ಕಂಡುಬಂದಾಗ ಉತ್ತರ-ಮಧ್ಯ ವಲಯದ ಮೊದಲ ಹಂಗಾಮನ್ನೇ ರದ್ದು ಮಾಡಿದರು. ಜಗತ್ತಿನ ಅತಿದೊಡ್ಡ ಫಿಶ್‌ಮೀಲ್ ಮೂಲ ಒಂದು ಹಂಗಾಮು ನಿಂತಿತು, ಬೆಲೆ ಏರಿತು, ಆದರೂ ದೋಣಿ ಬಿಡಲಿಲ್ಲ.

ಈಶಾನ್ಯ ಅಟ್ಲಾಂಟಿಕ್‌ನ ಬ್ಲೂ ವೈಟಿಂಗ್ ಎಂಬ ಮೀನಿನ ಕತೆ ಇದಕ್ಕೆ ತಿರುಗುಮುರುಗು. ಒಟ್ಟು ಎಷ್ಟು ಹಿಡಿಯಬಹುದೆಂದು ವಿಜ್ಞಾನಿಗಳು ಹೇಳಿದ್ದರು, ಆ ಸಂಖ್ಯೆಗೆ ಕರಾವಳಿ ದೇಶಗಳ ತಕರಾರೂ ಇರಲಿಲ್ಲ. ಯಾರ ಪಾಲು ಎಷ್ಟು ಎಂಬಲ್ಲಿ ಒಮ್ಮತ ಮೂಡದೆ ಎಲ್ಲರೂ ತಮ್ಮ ತಮ್ಮ ಪಾಲನ್ನು ತಾವೇ ನಿಗದಿ ಮಾಡಿಕೊಂಡರು. ಕೂಡಿಸಿದರೆ ಸಲಹೆಯ ಮಿತಿ ದಾಟುತ್ತಿತ್ತು. 2020ರ ಡಿಸೆಂಬರ್ ಕೊನೆಗೆ ಎಂಎಸ್‌ಸಿ ಪ್ರಮಾಣಪತ್ರಗಳು ಅಮಾನತಾದವು. ಕಡಲಲ್ಲಿ ಮೀನು ಸಾಕಷ್ಟಿದ್ದರೂ ಪ್ರಮಾಣಪತ್ರ ಹೋಗಬಹುದು ಎಂಬುದನ್ನು ಮೀನು ಆಹಾರದ ಉದ್ಯಮ ಆಗ ಕಲಿಯಿತು.

ಕಷ್ಟವಿರುವುದು ಉಷ್ಣವಲಯದ ಬಹುಜಾತಿ ಟ್ರಾಲಿಂಗ್‌ನಲ್ಲಿ, ಅಂದರೆ ದೋಣಿಯಿಂದ ಬಲೆ ಎಳೆದು ಹಿಡಿಯುವಲ್ಲಿ. ಒಂದೇ ಬಲೆಗೆ ಹತ್ತಾರು ಜಾತಿ. ಅನೇಕಕ್ಕೆ ಸಂಗ್ರಹದ ಅಂದಾಜೇ ಇರುವುದಿಲ್ಲ. ಅಂಥಲ್ಲಿ ಜಾತಿಯ ಸ್ವಭಾವ ನೋಡಿ ಅಪಾಯ ಅಳೆಯುತ್ತಾರೆ: ಎಷ್ಟು ವಯಸ್ಸಿಗೆ ಮೊಟ್ಟೆಯಿಡುತ್ತದೆ, ಎಷ್ಟು ಮೊಟ್ಟೆ, ಬಲೆಗೆ ಸಿಗುವ ಸಂಭವ ಎಷ್ಟು. ಬೇಗ ಬೆಳೆದು ಹೇರಳವಾಗಿ ಮೊಟ್ಟೆಯಿಡುವ ಮೀನು ಪಾಸಾಗುತ್ತದೆ. ನಿಧಾನಕ್ಕೆ ಬೆಳೆಯುವ ಶಾರ್ಕ್, ತೊರಕೆ ಜಾತಿಗಳು ಫೇಲಾಗುತ್ತವೆ. ಕಾರ್ಖಾನೆಯ ರಿಜಿಸ್ಟರಿನಲ್ಲಿ ಬರೀ ‘ಮಿಶ್ರ ಮೀನು’ ಎಂದು ಬರೆದಿದ್ದರೆ ಈ ಪರೀಕ್ಷೆ ಶುರುವೇ ಆಗುವುದಿಲ್ಲ. ಅರ್ಜಿಗಳು ಮುಗ್ಗರಿಸುವುದು ಇಂಥ ಕಡೆ.

ಈಗ ನಿಮ್ಮ ಎರಡನೇ ಪ್ರಶ್ನೆ. ನಮ್ಮ ದೃಷ್ಟಿಯಲ್ಲಿ ಈ ಸರಪಳಿಯಲ್ಲಿ ಅತ್ಯಂತ ಹೆಚ್ಚು ಹೇಳುವ ಸಾಕ್ಷಿ ಕಾರ್ಖಾನೆಯ ತೂಕದ ಲೆಕ್ಕ. ಮೀನನ್ನು ಬೇಯಿಸಿ, ಹಿಂಡಿ, ಎಣ್ಣೆ ಬೇರ್ಪಡಿಸಿ, ತೇವ ಸುಮಾರು ಶೇ 10ಕ್ಕೆ ಇಳಿಯುವವರೆಗೆ ಒಣಗಿಸಿದಾಗ 100 ಕಿಲೋ ಇಡೀ ಮೀನಿನಿಂದ 22ರಿಂದ 24 ಕಿಲೋ ಪುಡಿ ಸಿಗುತ್ತದೆ. ಎಣ್ಣೆ ಜಾತಿ, ಹಂಗಾಮು ನೋಡಿ ಏರಿಳಿಯುತ್ತದೆ. ಪುಡಿಯ ಅನುಪಾತ ಅಷ್ಟು ಹೊಯ್ದಾಡುವುದಿಲ್ಲ. ಈಗ ಒಂದು ಕಾರ್ಖಾನೆ ವರ್ಷಕ್ಕೆ 12,000 ಟನ್ ಅನುಮೋದಿತ ಮೀನು ಕೊಂಡಿದೆ ಎನ್ನಿ. ಶೇ 23ರಂತೆ 2,760 ಟನ್ ಪುಡಿ ಬರಬೇಕು. ಪ್ರಮಾಣೀಕೃತ ಎಂದು ಮಾರಿದ ಬಿಲ್‌ಗಳ ಮೊತ್ತ 3,400 ಟನ್ ಇದ್ದರೆ, 640 ಟನ್ ಪುಡಿಗೆ, ಅಂದರೆ ಸುಮಾರು 2,780 ಟನ್ ಮೀನಿಗೆ, ಅಪ್ಪ-ಅಮ್ಮ ಇಲ್ಲ. ಬಂದರಿನ ತೂಕದ ಚೀಟಿ, ದೋಣಿಯ ಹೆಸರು, ಹಿಡಿದ ದಿನಾಂಕ, ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ (ಎಫ್‌ಎಒ) ಗುರುತಿಸಿದ ಕಡಲ ವಲಯದ ಸಂಖ್ಯೆ, ಬಲೆಯ ಬಗೆ ಇಷ್ಟನ್ನೂ ಒಂದು ಬ್ಯಾಚಿನ ಸಂಖ್ಯೆಯಿಂದ ಹಿಂದಕ್ಕೆ ಎಳೆದು ತೋರಿಸಿ ಎಂದು ಆಡಿಟರ್ ಕೇಳುವುದು ಈ ಕಾರಣಕ್ಕೇ. ದೋಣಿಯ ಹೆಸರನ್ನು ಅಕ್ರಮ ಮೀನುಗಾರಿಕೆಯ ಕಪ್ಪುಪಟ್ಟಿಗಳ ಜತೆ ಹೋಲಿಸುವುದೂ ಆಗಲೇ.

ತಲೆ, ಮುಳ್ಳು, ಕರುಳು ಮುಂತಾದ ಉಪೋತ್ಪನ್ನ ಬಳಸುವ ಕಾರ್ಖಾನೆಗೆ ಇದೇ ಅನುಪಾತ ಹಾಕಬೇಡಿ. ಮುಳ್ಳು ಹೆಚ್ಚಿದ್ದಷ್ಟೂ ಬೂದಿಯಂಶ (ಖನಿಜದ ಪಾಲು) ಏರಿ ಪ್ರೋಟೀನ್ ಇಳಿಯುತ್ತದೆ, ಇಳುವರಿಯೂ ಬದಲಾಗುತ್ತದೆ. ಉಪೋತ್ಪನ್ನ ಎಂದೊಡನೆ ಒಳ್ಳೆಯದೆಂದು ತಿಳಿಯುವವರಿದ್ದಾರೆ. ನಾವು ಅಷ್ಟು ಧಾರಾಳಿಗಳಲ್ಲ. ಕ್ಯಾನಿಂಗ್ ಘಟಕದ ತ್ಯಾಜ್ಯದ ತೊಟ್ಟಿಗೆ ಹಲವು ದೋಣಿಗಳ ಟ್ಯೂನಾ ಒಟ್ಟಿಗೇ ಬಿದ್ದಿರುತ್ತದೆ. ಜಾತಿ ಯಾವುದು, ಎಲ್ಲಿ ಹಿಡಿದದ್ದು, ಅಳಿವಿನಂಚಿನ ಪಟ್ಟಿಯಲ್ಲಿದೆಯೇ ಎಂಬುದಕ್ಕೆ ದಾಖಲೆ ಇಲ್ಲಿಯೂ ಬೇಕು. ಸಾಕಿದ ಮೀನಿನ ಉಳಿಕೆಯಾದರೆ ಅದೇ ಜಾತಿಗೆ ಮರಳಿ ತಿನ್ನಿಸುವುದನ್ನು ಐರೋಪ್ಯ ಒಕ್ಕೂಟ ನಿಷೇಧಿಸಿದೆ.

ಕಾರ್ಖಾನೆಯಿಂದ ಹೊರಟ ಪುಡಿ ವ್ಯಾಪಾರಿಯ ಗೋದಾಮು ಸೇರಿ, ಅಲ್ಲಿಂದ ಮಿಲ್ಲಿನ ಸಿಲೋಗೆ (ಸರಕು ತುಂಬಿಡುವ ಎತ್ತರದ ಕಣಜಕ್ಕೆ) ಹೋಗುತ್ತದೆ. ಪ್ರತ್ಯೇಕ ಸಂಗ್ರಹ ಪದ್ಧತಿಯಾದರೆ ಅನುಮೋದಿತ ಸರಕಿಗೆ ಬೇರೆಯೇ ಸಿಲೋ. ಎಎಸ್‌ಸಿ ಫೀಡ್ ಮಾನದಂಡ ಒಪ್ಪುವ ಇನ್ನೊಂದು ದಾರಿ ಮಾಸ್ ಬ್ಯಾಲೆನ್ಸ್: ಎಲ್ಲವೂ ಒಂದೇ ಸಿಲೋದಲ್ಲಿ ಬೆರೆಯಬಹುದು, ಆದರೆ ಕೊಂಡ ಅರ್ಹ ಸರಕು ಎಷ್ಟೋ ಅದಕ್ಕೆ ತಕ್ಕಷ್ಟು ಆಹಾರವನ್ನು ಮಾತ್ರ ಆ ಹೆಸರಿನಲ್ಲಿ ಮಾರಬೇಕು. ಹಾಗಿದ್ದಾಗ ನಿಮ್ಮ ಕೈಯಲ್ಲಿರುವ ಚೀಲದಲ್ಲಿ ಆ ಮೀನಿನ ಒಂದು ಕಣವೂ ಇಲ್ಲದಿರಬಹುದು. ಇದು ಮೋಸವಲ್ಲ, ಬೇರೆ ಸಿಲೋ ಕಟ್ಟುವ ಖರ್ಚಿಲ್ಲದೆ ಒಳ್ಳೆಯ ಮೂಲಕ್ಕೆ ಬೇಡಿಕೆ ಹುಟ್ಟಿಸುವ ವ್ಯವಸ್ಥೆ. ಆದರೆ ಚೀಲದ ಮೇಲೆ ‘ತಯಾರಿಸಿದ್ದು’ ಎಂಬ ಪದ ಬಳಸಿದರೆ ನಮ್ಮ ಆಕ್ಷೇಪವಿದೆ.

ಇನ್ನೊಂದು ಗೊಂದಲ ಸಾಮಾನ್ಯ. ಮಾರಿನ್‌ಟ್ರಸ್ಟ್‌ನ ಸುಧಾರಣಾ ಕಾರ್ಯಕ್ರಮದಲ್ಲಿ ಇರುವುದೆಂದರೆ ಪ್ರಮಾಣಪತ್ರ ಸಿಕ್ಕಿದೆ ಎಂದರ್ಥವಲ್ಲ. ಕೊರತೆಗಳನ್ನು ಒಪ್ಪಿಕೊಂಡು, ವೇಳಾಪಟ್ಟಿ ಹಾಕಿಕೊಂಡು ತಿದ್ದುತ್ತಿದ್ದಾರೆ ಎಂದಷ್ಟೇ. ಮಾರಾಟ ಪ್ರತಿನಿಧಿಗಳ ಬಾಯಲ್ಲಿ ಈ ವ್ಯತ್ಯಾಸ ಬಹಳ ಬೇಗ ಕರಗಿಹೋಗುತ್ತದೆ.

ನಿಮ್ಮ ಕೊಳದ ಮಟ್ಟಿಗೆ ನೀವೇ ಮಾಡಬಹುದಾದ ಲೆಕ್ಕವೊಂದಿದೆ. ಆಹಾರದಲ್ಲಿ ಹಿಡಿದ ಇಡೀ ಮೀನಿನಿಂದ ಬಂದ ಫಿಶ್‌ಮೀಲ್‌ನ ಶೇಕಡಾ ಪಾಲನ್ನು ಆಹಾರ ಪರಿವರ್ತನೆ ಅನುಪಾತದಿಂದ (ಒಂದು ಕಿಲೋ ಮೀನು ಬೆಳೆಸಲು ಹಾಕಿದ ಆಹಾರದ ಕಿಲೋ) ಗುಣಿಸಿ 24ರಿಂದ, ಅಂದರೆ 100 ಕಿಲೋ ಮೀನಿನಿಂದ ಸಿಗುವ ಪುಡಿಯಿಂದ, ಭಾಗಿಸಿ. ಎಣ್ಣೆಗೆ ಭಾಜಕ 5. ಉತ್ತರ ಅಟ್ಲಾಂಟಿಕ್ ಮೀನಿನ ಎಣ್ಣೆಯಾದರೆ 7. ಶೇ 12 ಫಿಶ್‌ಮೀಲ್, ಶೇ 6 ಎಣ್ಣೆ, ಪರಿವರ್ತನೆ 1.3 ಎನ್ನಿ: ಪುಡಿಯ ಲೆಕ್ಕ 0.65, ಎಣ್ಣೆಯದು 1.56. ಒಂದು ಕಿಲೋ ಮೀನು ಬೆಳೆಸಲು ಎಣ್ಣೆಗಾಗಿ ಒಂದೂವರೆ ಕಿಲೋಗಿಂತ ಹೆಚ್ಚು ಕಡಲ ಮೀನು ಬೇಕಾಯಿತು. ಪುಡಿಯ ಅರ್ಧ ಉಪೋತ್ಪನ್ನದ್ದಾದರೆ ಆ ಭಾಗ ಲೆಕ್ಕಕ್ಕೆ ಬರುವುದಿಲ್ಲ, 0.65 ಇದ್ದದ್ದು 0.33ಕ್ಕೆ ಇಳಿಯುತ್ತದೆ. ಪರಿವರ್ತನೆ ಅನುಪಾತದಲ್ಲಿ ಸತ್ತ ಮೀನಿಗೆ ಹಾಕಿದ ಆಹಾರವೂ ಸೇರಬೇಕು, ಅದನ್ನು ಬಿಟ್ಟರೆ ಅಂಕಿ ಸುಳ್ಳೇ ಚಂದ ಕಾಣುತ್ತದೆ.

ಮಿಲ್ಲಿಗೆ ಪತ್ರ ಬರೆದು ಇಷ್ಟು ಕೇಳಿ: ಪ್ರಮಾಣಪತ್ರದ ಸಂಖ್ಯೆ, ಅವಧಿ ಮುಗಿಯುವ ದಿನ, ಅದು ಯಾವ ಘಟಕಕ್ಕೆ ಅನ್ವಯ, ಮೀನಿನ ಜಾತಿ ಮತ್ತು ಎಫ್‌ಎಒ ವಲಯ, ಇಡೀ ಮೀನು ಎಷ್ಟು, ಉಪೋತ್ಪನ್ನ ಎಷ್ಟು, ಪ್ರತ್ಯೇಕ ಸಂಗ್ರಹವೋ ಮಾಸ್ ಬ್ಯಾಲೆನ್ಸೋ, ನಡುವಿನ ವ್ಯಾಪಾರಿಗೂ ಸರಪಳಿ ಪ್ರಮಾಣಪತ್ರ (ಸರಕು ಕೈಬದಲಾದ ಲೆಕ್ಕಕ್ಕೆ ಕೊಡುವಂಥದ್ದು) ಇದೆಯೇ. ಸಿಕ್ಕ ಸಂಖ್ಯೆಯನ್ನು ಆಯಾ ಸಂಸ್ಥೆಯ ಸಾರ್ವಜನಿಕ ಪಟ್ಟಿಯಲ್ಲಿ ತಾಳೆ ನೋಡಿ. ಕಂಪನಿಯ ಒಂದು ಘಟಕದ ಪ್ರಮಾಣಪತ್ರ ತೋರಿಸಿ ಇನ್ನೊಂದು ಘಟಕದ ಸರಕು ಮಾರುವುದುಂಟು. ‘ಸೂತ್ರ ಗುಟ್ಟಿನದು’ ಎಂಬ ಉತ್ತರ ಬಂದರೆ ಶೇಕಡಾವಾರು ಅಂಶಕ್ಕೆ ಅದನ್ನು ಒಪ್ಪಿಕೊಳ್ಳಬಹುದು. ಜಾತಿ ಮತ್ತು ವಲಯಕ್ಕೆ ಒಪ್ಪಬೇಡಿ.