ಎಲ್ಕ್‌ಗೆ ಹುಲ್ಲು ಹಾಕಿದರೆ ತಪ್ಪೇನು?

ಪ್ರಶ್ನೆ: ಅಮೆರಿಕದ ಜಾಕ್ಸನ್ ಹೋಲ್ ಕಣಿವೆಯಲ್ಲಿ ಚಳಿಗಾಲದಲ್ಲಿ ಹಸಿದ ಎಲ್ಕ್‌ಗಳಿಗೆ (ದೊಡ್ಡ ಜಾತಿಯ ಜಿಂಕೆ) ಸರ್ಕಾರವೇ ಹುಲ್ಲು ಹಾಕುತ್ತಿತ್ತು. ವಿಜ್ಞಾನಿ ಓಲಾಸ್ ಮ್ಯೂರಿ ಅದರಲ್ಲೂ ತಪ್ಪು ಹುಡುಕಿದರಂತೆ. ಹಸಿದವಕ್ಕೆ ಮೇವು ಹಾಕುವುದು ಪುಣ್ಯದ ಕೆಲಸ ಅಲ್ವಾ?

ಮತ್ತೆ ಪುಣ್ಯ! ಬಂಡೀಪುರದ ರಸ್ತೆಯಲ್ಲಿ ಕಾರು ನಿಲ್ಲಿಸಿ ಕೋತಿಗೆ ಬಿಸ್ಕತ್ತು ಎಸೆಯುವವರೂ ಇದನ್ನೇ ಹೇಳುತ್ತಾರೆ.

ಮ್ಯೂರಿ ಸುಮ್ನೆ ತಪ್ಪು ಹುಡುಕಲಿಲ್ಲ. ಎಲ್ಕ್‌ಗಳು ಯಾಕೆ ಸಾಯುತ್ತಿವೆ ಅಂತ ನೋಡಲು 1927ರಲ್ಲಿ ಅವರು ಕೆಲಸ ಮಾಡುತ್ತಿದ್ದ ಸರ್ಕಾರದ ವನ್ಯಜೀವಿ ಇಲಾಖೆ, ಬಯಲಾಜಿಕಲ್ ಸರ್ವೆಯೇ ಅವರನ್ನು ಅಲ್ಲಿಗೆ ಕಳಿಸಿತ್ತು. ಅವರು ಸತ್ತ ಎಲ್ಕ್‌ಗಳ ಬಾಯಿ ಬಿಡಿಸಿ ನೋಡಿದರು. ಒಳಗೆ ಕೊಳೆತ ಹುಣ್ಣು. ಹಾಕುತ್ತಿದ್ದ ಒಣಹುಲ್ಲಿನಲ್ಲಿ ಕಾಡುಬಾರ್ಲಿಯಂಥ ಒರಟು ಹುಲ್ಲೂ ಬೆರೆತಿರುತ್ತಿತ್ತು. ಅದರ ತೆನೆಯ ಮುಳ್ಳಿನಂಥ ಸುಂಕು ಒಸಡಿಗೆ, ನಾಲಿಗೆಗೆ ಚುಚ್ಚಿಕೊಳ್ಳುತ್ತದೆ. ಆ ಗಾಯದಲ್ಲಿ ರೋಗಾಣು ಸೇರಿದರೆ ಬಾಯಿ ಕೊಳೆಯುವ ರೋಗ, ನೆಕ್ರೋಟಿಕ್ ಸ್ಟೊಮಟೈಟಿಸ್. ಮರಿಗಳಿಗೆ ಇದು ಜಾಸ್ತಿ.

ಹಾಗಾದರೆ ಒಳ್ಳೆ ಹುಲ್ಲು ಹಾಕಿದರಾಯ್ತು ಅಂತೀರಿ. ಅಷ್ಟಕ್ಕೇ ಮುಗಿಯಲ್ಲ. ಸಾವಿರಾರು ಪ್ರಾಣಿಗಳು ಒಂದೇ ಜಾಗದಲ್ಲಿ ಮೂತಿಗೆ ಮೂತಿ ತಾಗಿಸಿ ತಿಂದರೆ ಒಂದರ ರೋಗ ಇನ್ನೊಂದಕ್ಕೆ. ಅಂಥ ಮೇವಿನ ತಾಣಗಳಲ್ಲಿ ಬ್ರುಸೆಲ್ಲೋಸಿಸ್, ಅಂದರೆ ನಮ್ಮ ರೈತರು ಹೇಳುವ ಕಂದು ಹಾಕುವ ರೋಗ, ಇವತ್ತಿಗೂ ಹರಡುತ್ತಿದೆ. ಹುಲ್ಲು ಹಾಕುವ ಪರಿಸ್ಥಿತಿ ಬಂದದ್ದಾದರೂ ಯಾಕೆ? ಎಲ್ಕ್‌ಗಳು ಚಳಿಗಾಲ ಕಳೆಯುತ್ತಿದ್ದ ತಗ್ಗುನೆಲವನ್ನು ದನ ಸಾಕುವ ರ‍್ಯಾಂಚ್, ಊರು ಅಂತ ಜನ ಹಿಡಿದುಕೊಂಡರು. ಜಾಗ ಕಿತ್ತುಕೊಂಡು ಹುಲ್ಲು ಕೊಟ್ಟರೆ ಅದನ್ನು ಪುಣ್ಯ ಅನ್ನಲು ನನಗೆ ಬಾಯಿ ಬರುವುದಿಲ್ಲ.

ಪ್ರಶ್ನೆ: ಕಯೋಟಿಗಳನ್ನು (ತೋಳದಂಥ ಸಣ್ಣ ಬೇಟೆಗಾರ ಪ್ರಾಣಿ) ಕೊಂದಿದ್ದರೆ ಎಲ್ಕ್ ಉಳಿಯುತ್ತಿರಲಿಲ್ಲವೇ?

ಇಲ್ಲ. ಮ್ಯೂರಿ ಕಯೋಟಿಯ ಹಿಕ್ಕೆ, ಹೊಟ್ಟೆ ಎಲ್ಲ ಪರೀಕ್ಷಿಸಿದರು. ಸಿಕ್ಕಿದ್ದು ಹೆಚ್ಚಾಗಿ ಇಲಿ, ಗೋಫರ್‌ಗಳಂಥ ಸಣ್ಣ ಪ್ರಾಣಿಗಳು.

ಪ್ರಶ್ನೆ: ಕಾಡುಪ್ರಾಣಿಗೆ ರೋಗ ಬಾರದಂತೆ ಮೇವಿಗೆ ಬೆರೆಸುವ ಪುಡಿ ಒಬ್ಬರು ಮಾರುತ್ತಿದ್ದಾರೆ. ಕೊಳ್ಳಬಹುದೇ?

ಬೇಡ. ಮೊದಲು ಅವರ ಬಗ್ಗೆ ಅರಣ್ಯ ಇಲಾಖೆಗೆ ತಿಳಿಸಿ.

ಪ್ರಶ್ನೆ: ಸರ್ಕಾರಿ ನೌಕರಿಯಲ್ಲಿದ್ದು ಕಾಡು ಉಳಿಸಲು ಸಾಧ್ಯವೇ?

ಅರ್ಧ ಸಾಧ್ಯ. ಮ್ಯೂರಿ 1920ರಲ್ಲಿ ಬಯಲಾಜಿಕಲ್ ಸರ್ವೆ ಸೇರಿ ಅಲಾಸ್ಕಾದಲ್ಲಿ ಕ್ಯಾರಿಬೂ ಎಂಬ ಹಿಮಸಾರಂಗಗಳ ಹಿಂದೆ ಅಲೆದರು. ಆದರೆ ಕಯೋಟಿಯಂಥ ಬೇಟೆಯಾಡುವ ಪ್ರಾಣಿಗಳನ್ನು ಕೊಲ್ಲುವ ಕೆಲಸವೂ ಅದೇ ಇಲಾಖೆಯದು. 1945ರಲ್ಲಿ ನೌಕರಿ ಬಿಟ್ಟು ವೈಲ್ಡರ್‌ನೆಸ್ ಸೊಸೈಟಿ ಎಂಬ ಕಾಡು ಉಳಿಸುವ ಸಂಘದ ಹೊಣೆ ಹೊತ್ತರು. 1956ರಲ್ಲಿ ಹೆಂಡತಿ ಮಾರ್ಡಿ ಜೊತೆ ಅಲಾಸ್ಕಾದ ಶೀನ್‌ಜೆಕ್ ನದಿಯ ಕಣಿವೆಗೆ ಹೋದರು. 1960ರಲ್ಲಿ ಆ ಸೀಮೆ ಸಂರಕ್ಷಿತ ಪ್ರದೇಶವಾಯಿತು. ನೌಕರಿ ಬಿಡಲೇ ಅಂತ ಮಾತ್ರ ನನ್ನನ್ನು ಕೇಳಬೇಡಿ. ನಿಮ್ಮ ಮನೆ ಸಾಲ ನನಗೆ ಗೊತ್ತಿಲ್ಲ.