ಸ್ಕ್ಯಾನ್ ಮಾಡಮ್ಮ, ದುಡ್ಡು ಬರುತ್ತೆ!

ಪ್ರಶ್ನೆ: ನನ್ನ ಮಗಳಿಗೆ ಆರು ವರ್ಷ. ಅಂಗಡಿಗೆ ಹೋದಾಗಲೆಲ್ಲ ಏನಾದರೂ ಬೇಕೇ ಬೇಕು. ದುಡ್ಡಿಲ್ಲ ಅಂದರೆ "ಫೋನ್ ಇದೆಯಲ್ಲ, ಸ್ಕ್ಯಾನ್ ಮಾಡಮ್ಮ" ಅನ್ನುತ್ತಾಳೆ. ವ್ಯಾಪಾರದ ಬೋರ್ಡ್ ಗೇಮ್ ತಂದುಕೊಟ್ಟೆ, ಎರಡೇ ದಿನಕ್ಕೆ ಮೂಲೆ ಸೇರಿತು. ಇಷ್ಟು ಚಿಕ್ಕವರಿಗೆ ದುಡ್ಡಿನ ವಿಷಯ ಹೇಗೆ ಹೇಳಿಕೊಡೋದು?
— ಓದುಗರು, ತುಮಕೂರು

ಉತ್ತರ: ಅವಳದ್ದೇನೂ ತಪ್ಪಿಲ್ಲ ಬಿಡಿ. ಅವಳು ಕಂಡಿರೋದೇ ಅಷ್ಟು. ನೀವು ಫೋನ್ ಹಿಡಿಯುತ್ತೀರಿ, ಅಂಗಡಿಯ ಡಬ್ಬಿ ದುಡ್ಡು ಬಂತು ಅಂತ ಕೂಗುತ್ತದೆ, ಬಿಸ್ಕತ್ತು ಕೈಗೆ ಬರುತ್ತದೆ, ಫೋನ್ ಮಾತ್ರ ಹಾಗೇ ವಾಪಸ್ ಬ್ಯಾಗಿಗೆ! ಏನೂ ಖರ್ಚಾದ ಹಾಗೆ ಕಾಣಲ್ಲ ಅಲ್ವಾ? ಅದಕ್ಕೇ ಮೊದಲು ಮನೆಯಲ್ಲಿ ಚಿಲ್ಲರೆ ಕೂಡಿಡಿ.

ಆಮೇಲೆ ಅಂಗಡಿ ಆಟ. ಎರಡು ಈರುಳ್ಳಿ, ಒಂದು ಸೋಪು, ಹಳೇ ಪೆನ್ಸಿಲ್ ಸಾಲಾಗಿ ಇಡಿ, ಬೆಲೆಯ ಚೀಟಿ ಅವಳೇ ಬರೆಯಲಿ. ಗಿರಾಕಿ ನೀವು, ಕೈಯಲ್ಲಿ 20 ರೂಪಾಯಿ ನಿಜವಾದ ಚಿಲ್ಲರೆ ಮಾತ್ರ. ನನ್ನ ಮೊಮ್ಮಗ ಈರುಳ್ಳಿಗೆ 1 ರೂಪಾಯಿ, ಸೋಪಿಗೆ 100 ರೂಪಾಯಿ ಬರೆದಿದ್ದ, ಸೋಪು ಘಮ್ಮಂತಿದೆಯಂತೆ. ನಾನು ತಿದ್ದಲು ಹೋಗಲಿಲ್ಲ, ಸುಮ್ನೆ ಈರುಳ್ಳಿ ಕೊಂಡು ಎದ್ದೆ. ಸೋಪು ಹಾಗೇ ಕೂತಿತ್ತು. ಸ್ವಲ್ಪ ಹೊತ್ತು ನೋಡಿ ತಾನೇ ಒಂದು ಸೊನ್ನೆ ಹೊಡೆದುಹಾಕಿ "ಅಜ್ಜೀ, ಈಗ ಬಾ" ಅಂದ.

ಓದೋದಕ್ಕೆ ಪುಸ್ತಕವೇ ಬೇಕು ಅಂತಿಲ್ಲ, ನೋಟೇ ಸಾಕು. ಹೊಸ 50ರ ನೋಟಿನ ಹಿಂದೆ ಹಂಪಿಯ ಕಲ್ಲಿನ ರಥ ಇದೆ, 20ರದ್ದರಲ್ಲಿ ಎಲ್ಲೋರಾ, 10ರದ್ದರಲ್ಲಿ ಕೋನಾರ್ಕ್. ಅಲ್ಲೇ ಪಕ್ಕದಲ್ಲಿ 15 ಭಾಷೆಗಳಲ್ಲಿ ನೋಟಿನ ಬೆಲೆ ಬರೆದಿರುತ್ತಾರೆ, ಕನ್ನಡ ಮೇಲಿನಿಂದ ನಾಲ್ಕನೆಯದು. ಅದನ್ನು ಹುಡುಕಿ ಓದು ಅನ್ನಿ. ಅಕ್ಷರ ಕೂಡಿಸಿ ಓದುವ ವಯಸ್ಸಿಗೆ ಇದು ಒಳ್ಳೇ ಆಟ.

ಇನ್ನು ನಿಜವಾದ ಅಂಗಡಿ. ವಾರಕ್ಕೊಮ್ಮೆ 20 ರೂಪಾಯಿ ಅವಳ ಕೈಗೇ ಕೊಡಿ. ಚಿಕ್ಕಿಯೋ ಸ್ಟಿಕ್ಕರೋ ಅವಳೇ ಆರಿಸಲಿ, ಉಳಿದ ಚಿಲ್ಲರೆ ಅವಳೇ ಎಣಿಸಿಕೊಳ್ಳಲಿ. ಮುಗಿದರೆ ಮುಗಿಯಿತು, ಮುಂದಿನ ವಾರದವರೆಗೆ ಇಲ್ಲ. ಕಷ್ಟ ಆಗೋದು ಮಗುವಿಗಲ್ಲ, ನಿಮಗೆ. ಅದಕ್ಕಿಂತ ಜಾಸ್ತಿ, ಸೆರಗಿನ ಗಂಟಿನಿಂದ ಕದ್ದು ಹತ್ತು ರೂಪಾಯಿ ಕೊಡೋ ಅಜ್ಜಿಯರಿಗೆ. (ನನಗೂ ಬೈಗುಳ ಬಿದ್ದಿದೆ.)

ಚಿಲ್ಲರೆ ಖಾಲಿಯಾಗೋದು ಗೊತ್ತಾದ ಮೇಲೆ ಫೋನಿಗೆ ಬನ್ನಿ. ಹಾಲು ತರುವ ಮುಂಚೆ ಖಾತೆಯಲ್ಲಿ ಎಷ್ಟಿತ್ತು, ತಂದ ಮೇಲೆ ಎಷ್ಟು ಉಳಿಯಿತು, ತೋರಿಸಿ. ಆ ಬೋರ್ಡ್ ಗೇಮ್ ಎಸೆಯಬೇಡಿ, ಇನ್ನೆರಡು ವರ್ಷಕ್ಕೆ ಅವಳೇ ಧೂಳು ಕೊಡವಿ ತೆಗೆಯುತ್ತಾಳೆ.