ಲಾಳ ತೆಗೆದರೆ ಕುದುರೆಯ ಕೆಟ್ಟ ಗೊರಸು ಸರಿ ಹೋಗುತ್ತಾ?

ನೀವು ಕೇಳಿದ್ದು ಇಷ್ಟು: ಮದುವೆ ಮೆರವಣಿಗೆಗೆ ಹೋಗುತ್ತಿದ್ದ 9 ವರ್ಷದ ಕುದುರೆಯನ್ನು ಹಾವೇರಿಗೆ ತಂದಿದ್ದೀರಿ. ಮುಂಗಾಲಿನ ಗೊರಸು ಚಪ್ಪಲಿ ಥರ ಮುಂದಕ್ಕೆ ಚಾಚಿದೆ, ಸೀಳು ಬಿಟ್ಟಿದೆ, ಅಡಿಯಲ್ಲಿ ಕೆಟ್ಟ ವಾಸನೆ. ಲಾಳ ತೆಗೆದು ಬರಿಗಾಲಲ್ಲಿಟ್ಟು ಕೆತ್ತಿಸುತ್ತಾ ಹೋದರೆ ಸರಿ ಹೋಗುತ್ತಾ?

ಬಹಳ ಸಲ ಹೋಗುತ್ತದೆ. ಆದರೆ ಒಂದು ವರ್ಷ ಹಿಡಿಯುತ್ತದೆ, ಅದಕ್ಕೆ ಮನಸ್ಸು ಗಟ್ಟಿ ಮಾಡಿಕೊಳ್ಳಿ. ಸೀಳಿದ ಚಿಪ್ಪು ನಮ್ಮ ಉಗುರಿನ ಹಾಗೆ, ಮತ್ತೆ ಕೂಡಿಕೊಳ್ಳುವುದಿಲ್ಲ. ಮೇಲಿಂದ ಹೊಸದು ಇಳಿದು ಬಂದು ಹಳೆಯದನ್ನು ಕೆಳಗೆ ತಳ್ಳಬೇಕು. ತಿಂಗಳಿಗೆ ಇಳಿಯುವುದು 6ರಿಂದ 10 ಮಿಲಿಮೀಟರ್ ಮಾತ್ರ.

ಗದಗಿನ ಹೊರವಲಯದಲ್ಲಿ ನಮ್ಮದೊಂದು ಹೆಣ್ಣು ಕುದುರೆ ಇದೆ. ಬಂದಾಗ ಅದರ ಕಾಲೂ ಹೀಗೇ ಇತ್ತು. ಮೊದಲ ಸಲ ಕೆತ್ತಿದವರು ಅಂಗಾಲನ್ನು ಬೆಳ್ಳಗೆ, ಚೆಂದಗೆ ಕೆತ್ತಿಬಿಟ್ಟರು. ಹೆಬ್ಬೆರಳಿಂದ ಒತ್ತಿದರೆ ಬಗ್ಗುತ್ತಿತ್ತು. ಕಾಲು ಹಿಡಿದುಕೊಂಡಿದ್ದವನು ನಾನೇ, ಆದರೂ ಸಾಕು ಅನ್ನಲಿಲ್ಲ. ಹನ್ನೆರಡು ದಿನ ಅದು ಕೆಂಡದ ಮೇಲೆ ನಡೆದ ಹಾಗೆ ನಡೆಯಿತು. ಆ ನೋವು ನನ್ನಿಂದಲೇ ಆಗಿದ್ದು. ಅದಕ್ಕೇ ಮೊದಲು ಈ ಮಾತು ಹೇಳುತ್ತೇನೆ: ಅಂಗಾಲಿಗೆ ಚಾಕು ತಾಗಿಸಲು ಬಿಡಬೇಡಿ. ಒಳಗಿನ ಎಲುಬಿಗೆ ಅದೊಂದೇ ಕಾಪು.

ಕೆಲಸ ಇರುವುದು ಅಂಚಿನಲ್ಲಿ. ಗೊರಸು ಮುಂದಕ್ಕೆ ಉದ್ದವಾದರೆ, ಹೆಜ್ಜೆ ಎತ್ತುವಾಗೆಲ್ಲ ಅದು ಹಾರೆ ಹಾಕಿ ಮೀಟಿದ ಹಾಗೆ ಹೊರಚಿಪ್ಪನ್ನು ಒಳಗಿನಿಂದ ಕೀಳುತ್ತದೆ. ಚಿಪ್ಪು ಅಂಗಾಲಿಗೆ ಕೂಡುವ ಕಡೆ ಅಡಿಯಲ್ಲಿ ಕಾಣುವ ಬಿಳಿ ಗೆರೆ ಅಗಲವಾಗುತ್ತದೆ, ಅಲ್ಲಿ ಮಣ್ಣು ಹೊಕ್ಕು ಕೊಳೆಯುತ್ತದೆ. ಹಾಗಾಗಿ ಕಾನಸು, ಅಂದರೆ ಉಜ್ಜುವ ಅರ, ಹಿಡಿದು ಮುಂದಿನ ಅಂಚನ್ನು ಹಿಂದಕ್ಕೆ ತಂದು ದುಂಡಗೆ ಮಾಡಬೇಕು. ಅಮೆರಿಕದಲ್ಲಿ ಲಾಳ ಕಟ್ಟುತ್ತಿದ್ದ ಜೇಮಿ ಜಾಕ್ಸನ್ 1980ರ ದಶಕದಲ್ಲಿ ಕಾಡುಕುದುರೆಗಳ ಕಾಲು ನೋಡಿ ಬರೆದದ್ದೂ ಇದನ್ನೇ. ಒಣ ಕಲ್ಲುನೆಲ ಅವುಗಳ ಗೊರಸಿನ ಅಂಚನ್ನು ತಾನೇ ಸವೆಸಿ ದುಂಡಗೆ ಇಟ್ಟಿರುತ್ತದೆ. ನಮ್ಮ ಎರೆ ನೆಲ ಆ ಕೆಲಸ ಮಾಡುವುದಿಲ್ಲ. ಒಂದೇ ಸಲಕ್ಕೆ ಜಾಸ್ತಿ ತೆಗೆಯಬೇಡಿ. ಶುರುವಿಗೆ ಎರಡು ಮೂರು ವಾರಕ್ಕೊಮ್ಮೆ ಸ್ವಲ್ಪ ಸ್ವಲ್ಪ, ಆಮೇಲೆ 4ರಿಂದ 6 ವಾರಕ್ಕೊಮ್ಮೆ.

ಕೂದಲು ಮುಗಿಯುವ ಗೆರೆಯ ಕೆಳಗೆ ನಾನು ಕಾನಸಿನ ಮೂಲೆಯಿಂದ ಸಣ್ಣ ಗೀಟು ಎಳೆದಿದ್ದೆ. ತಿಂಗಳಾದ ಮೇಲೆ ನೋಡಿದರೆ ಕಿರುಬೆರಳಿನ ಉಗುರಿನಷ್ಟು ಕೆಳಗೆ ಬಂದಿತ್ತು. ಮೂರನೇ ತಿಂಗಳಿಗೆ ಪಕ್ಕದಲ್ಲಿ ಕೂತು ನೋಡಿದರೆ ಮೇಲಿನ ಎರಡು ಬೆರಳು ಅಗಲ ನೆಟ್ಟಗೆ, ಹೊಳಪಾಗಿ ಇಳಿದಿತ್ತು. ಅದರ ಕೆಳಗೆ ಹಳೆಯ ಗೊರಸು ಹೊರಕ್ಕೆ ಬಾಗಿತ್ತು. ಎರಡೂ ಕೂಡುವ ಕಡೆ ಬೆರಳಾಡಿಸಿದರೆ ಮಡಿಕೆ ಸಿಗುತ್ತಿತ್ತು. ಆವತ್ತು ನನಗೆ ಆದ ಖುಷಿ ಹೇಳತೀರದು. ಆ ಮೇಲಿನ ತುಂಡು ಯಾವ ಓರೆಯಲ್ಲಿ ಇಳಿಯುತ್ತದೋ ಇಡೀ ಗೊರಸು ಅದೇ ಓರೆಗೆ ಬರಬೇಕು. ಕೆತ್ತುವವರಿಗೂ ಅದನ್ನೇ ತೋರಿಸಿ.

ವಾಸನೆಯ ವಿಷಯ. ಹಿಮ್ಮಡಿಯಿಂದ ಮುಂದಕ್ಕೆ ಚೂಪಾಗುವ ಮೂರು ಮೂಲೆಯ ಮೆತ್ತನೆಯ ಭಾಗ ಇದೆಯಲ್ಲ, ಇಂಗ್ಲಿಷಿನಲ್ಲಿ ಫ್ರಾಗ್ ಅಂತಾರೆ, ಕೊಳೆತಿರುವುದು ಅದರ ಸಂದು. ಅಲ್ಲಿ ನೋವಿದ್ದರೆ ಕುದುರೆ ಹಿಮ್ಮಡಿ ಊರುವುದಿಲ್ಲ, ಗೊರಸಿನ ತುದಿಯನ್ನೇ ಮೊದಲು ಊರುತ್ತದೆ. ಹಾಗಾದರೆ ಎಷ್ಟು ಚೆನ್ನಾಗಿ ಕೆತ್ತಿದರೂ ಉಪಯೋಗವಿಲ್ಲ. ದಿನಾ ಕೆರೆದು ತೆಗೆಯಿರಿ, ಒಣಗಿಸಿ, ನೀರು ಬೆರೆಸಿದ ಪೊವಿಡೋನ್ ಅಯೋಡಿನ್ ಹಚ್ಚಿ. ಮಳೆಗಾಲದಲ್ಲಿ ಎರೆ ಮಣ್ಣು ಸಂದಿಗೆ ಗಟ್ಟಿಯಾಗಿ ಮೆತ್ತಿಕೊಳ್ಳುತ್ತದೆ, ಆಗ ಎರಡು ಹೊತ್ತೂ ನೋಡಬೇಕು. ಗಂಜಳ ನಿಂತ ನೆಲದಲ್ಲಿ ಕಟ್ಟಿದರೆ ಔಷಧಿ ಸುಮ್ನೆ ದಂಡ. ನಾವು ನೀರಿನ ತೊಟ್ಟಿಯ ಸುತ್ತ ದುಂಡು ಹರಳು ಹಾಕಿಸಿದೆವು, ನಾಲ್ಕು ಇಂಚು ದಪ್ಪಕ್ಕೆ. ಚೂಪು ಜಲ್ಲಿ ಬೇಡ. ಗ್ರೀಕರ ಬರಹಗಾರ ಕ್ಸೆನೊಫನ್ ಕ್ರಿಸ್ತಪೂರ್ವ 4ನೇ ಶತಮಾನದಲ್ಲೇ ಕುದುರೆ ನಿಲ್ಲುವ ಅಂಗಳಕ್ಕೆ ದುಂಡು ಕಲ್ಲು ಹಾಕಿಸಿ, ಗೊರಸು ಗಟ್ಟಿಯಾಗುತ್ತದೆ ಅಂತ ಹೇಳಿದ್ದಾನೆ.

ಮೇವು ನೋಡಿ. ಪ್ರೀತಿಗೆ ಬೆಲ್ಲ, ಶಕ್ತಿಗೆ ಅಂತ ಬುಟ್ಟಿಗಟ್ಟಲೆ ಜೋಳದ ಕಾಳು ಹಾಕುವವರು ನಮ್ಮ ಕಡೆ ಬಹಳ. ಕಾಳು, ಸಿಹಿ ಜಾಸ್ತಿಯಾದರೆ ಗೊರಸಿನ ಒಳಗೆ ಉರಿಯೂತವಾಗಿ ಎಲುಬೇ ಜರುಗಬಹುದು. ಒಣ ಹುಲ್ಲು, ಕಣಿಕೆ ಮುಖ್ಯ ಇರಲಿ. ಗೊರಸು ಬಿಸಿಯಾಗಿದ್ದು, ಕುದುರೆ ಮುಂಗಾಲು ಮುಂದೆ ಚಾಚಿ ಭಾರವನ್ನೆಲ್ಲ ಹಿಂದಕ್ಕೆ ಹಾಕಿ ನಿಂತರೆ ಅದೇ ರೋಗ ಅಂತ ಅನುಮಾನಿಸಿ. ಆಗ ಕಾನಸು ಕೆಳಗಿಟ್ಟು ಅವತ್ತೇ ಪಶುವೈದ್ಯರನ್ನು ಕರೆಸಿ, ಎಕ್ಸ್-ರೇ ಆಗುವ ತನಕ ಕೆತ್ತಿಸಬೇಡಿ. ಗದಗಿನಲ್ಲಿ ಪಶುವೈದ್ಯಕೀಯ ಕಾಲೇಜಿದೆ. ಧನುರ್ವಾಯು ಚುಚ್ಚುಮದ್ದನ್ನು ಈಗಲೇ ಹಾಕಿಸಿ, ಕುದುರೆಗೆ ಅದು ಬೇಗ ತಗಲುತ್ತದೆ.

ಲಾಳವನ್ನು ಮೀಟಿ ಕೀಳಬೇಡಿ. ಬಗ್ಗಿಸಿದ ಮೊಳೆ ತುದಿಗಳನ್ನು ನೆಟ್ಟಗೆ ಮಾಡಿ ಒಂದೊಂದಾಗಿ ತೆಗೆಸಿ, ಇಲ್ಲದಿದ್ದರೆ ಚಿಪ್ಪು ಹರಿಯುತ್ತದೆ. ಇದಕ್ಕೆ ಲಾಳ ಕಟ್ಟುವ, ಅನುಭವ ಇರುವ ನಾಲಬಂದರೇ ಬೇಕು, ಅವರ ಕೈಗೆ ನನಗೆ ಬಹಳ ಗೌರವ. ದಿನವಿಡೀ ಡಾಂಬರು ರಸ್ತೆಯಲ್ಲಿ ದುಡಿಯುವ ಕುದುರೆಗೆ ಲಾಳ ಬೇಡ ಅಂತ ನಾನು ಹೇಳುವುದಿಲ್ಲ. ಅದರ ಗೊರಸು ಬೆಳೆಯುವುದಕ್ಕಿಂತ ಬೇಗ ಸವೆಯುತ್ತದೆ. ನಿಮ್ಮದು ಈಗ ದುಡಿಯುತ್ತಿಲ್ಲ ಅಲ್ವಾ, ಹಾಗಾಗಿ ತೆಗೆಸಿ. ಮೊದಲ ಕೆಲವು ವಾರ ಒಣಗಿದ ಮೆತ್ತನೆಯ ನೆಲದಲ್ಲೇ ಓಡಾಡಲಿ.

ಕಾಲು ನೆಲಕ್ಕಿಟ್ಟಾಗ ನೆಲದ ಮಟ್ಟದಿಂದ ಪಕ್ಕದ್ದೊಂದು, ಎತ್ತಿ ಹಿಡಿದು ಅಂಗಾಲಿನದೊಂದು ಫೋಟೋ ಹಾಕಿ. ಎಲ್ಲಿಂದ ಶುರು ಮಾಡಬೇಕು ನೋಡಿ ಹೇಳುತ್ತೇನೆ.